68 ಸರಿಯೋ, 26 ಸರಿಯೋ: ಉಡುಪಿಯ ಒಂದು ಇ.ಎಸ್.ಆರ್. ಪ್ರಕರಣ

ಏಪ್ರಿಲ್ ತಿಂಗಳ ಒಂದು ಸೋಮವಾರ. ಉಡುಪಿಯ ನಮ್ಮ ಸಣ್ಣ ಪ್ರಯೋಗಾಲಯದ ಕೌಂಟರಿನ ಮೇಲೆ ಒಬ್ಬ ಯುವಕ ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿ ಬಿಡಿಸಿಟ್ಟ. ಎರಡರಲ್ಲೂ ಅವನ ತಾಯಿಯ ಹೆಸರೇ ಇತ್ತು, ವಯಸ್ಸು 47. ಒಂದು ನಾವೇ ಕೊಟ್ಟದ್ದು, ಹಿಂದಿನ ಬುಧವಾರದ್ದು: ಇ.ಎಸ್.ಆರ್., ಅಂದರೆ ಕೆಂಪು ರಕ್ತಕಣಗಳು ಕೆಳಗಿಳಿಯುವ ವೇಗ, ಗಂಟೆಗೆ 68 ಮಿ.ಮೀ. ಇನ್ನೊಂದು ಬೇರೊಂದು ಪ್ರಯೋಗಾಲಯದ್ದು, ಶನಿವಾರದ್ದು: 26.

"ಸರ್, ಮದ್ದು ಇನ್ನೂ ಶುರುವೇ ಮಾಡಿಲ್ಲ. ಮೂರು ದಿನದಲ್ಲಿ ಇಷ್ಟು ಇಳಿಯುವುದುಂಟಾ?"

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ತಾಯಿ ಬೀಡಿ ಕಟ್ಟುವವರು. ಬೆಳಗ್ಗೆ ಎದ್ದಾಗ ಬೆರಳುಗಳು ಬಿಗಿ, ಹೆಗಲು ನೋವು, ಮೆಟ್ಟಿಲು ಹತ್ತಿದರೆ ಸುಸ್ತು. ಊರಿನ ವೈದ್ಯರು ಇ.ಎಸ್.ಆರ್. ಮತ್ತು ಕೀಲುವಾತದ ಸುಳಿವು ಹುಡುಕುವ ಆರ್.ಎ. ಫ್ಯಾಕ್ಟರ್ ಎರಡನ್ನೇ ಬರೆದುಕೊಟ್ಟಿದ್ದರು. ಆರ್.ಎ. ನೆಗೆಟಿವ್ ಬಂದಿತ್ತು. ಆದರೂ 68 ಎಂಬ ಸಂಖ್ಯೆಯನ್ನು ನೋಡಿ ಅವರು ಎದೆಯ ಎಕ್ಸ್‌ರೇ, ಕಫ ಪರೀಕ್ಷೆ, ಮಣಿಪಾಲದಲ್ಲಿ ಕೀಲುರೋಗ ತಜ್ಞರ ಭೇಟಿ ಎಂದೆಲ್ಲ ಸೂಚಿಸಿದ್ದರು. ಮನೆಯಲ್ಲಿ "ರಕ್ತದಲ್ಲಿ ಇನ್‌ಫೆಕ್ಷನ್ ಉಂಟಂತೆ" ಎಂದು ಸುದ್ದಿಯಾಗಿ, ನೆರೆಮನೆಯವರು ಕ್ಷಯವೆಂದು ತೀರ್ಮಾನಿಸಿಯೂ ಆಗಿತ್ತು. ಇನ್ನೊಮ್ಮೆ ನೋಡಿಸೋಣ ಎಂದು ಮಗ ಬೇರೆ ಕಡೆ ಮಾಡಿಸಿದ್ದ.

(ಇದನ್ನು ಬರೆಯಲು ಆ ಅಕ್ಕನ ಒಪ್ಪಿಗೆ ಇದೆ. ಗುರುತು ಹತ್ತಬಹುದಾದ ವಿವರಗಳನ್ನು ಬಿಟ್ಟಿದ್ದೇನೆ.)

ಅವನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು: ಇಲ್ಲ, ಹಾಗೆ ಇಳಿಯುವುದಿಲ್ಲ. ನೆಟ್ಟಗೆ ನಿಲ್ಲಿಸಿದ ಗಾಜಿನ ಕೊಳವೆಯಲ್ಲಿ ಕೆಂಪು ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಕೆಳಗಿಳಿಯುತ್ತವೆ ಎಂಬುದನ್ನು ಈ ಪರೀಕ್ಷೆ ಅಳೆಯುತ್ತದೆ. ಕಣಗಳ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಉರಿಯೂತವಿದ್ದಾಗ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಫೈಬ್ರಿನೋಜನ್, ಗ್ಲಾಬ್ಯುಲಿನ್‌ನಂಥ ಪ್ರೋಟೀನುಗಳು ಹೆಚ್ಚಿ ಆ ತಳ್ಳಾಟ ತಗ್ಗುತ್ತದೆ. ಆಗ ಕಣಗಳು ಪೇರಿಸಿಟ್ಟ ನಾಣ್ಯಗಳಂತೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ ಬೇಗ ಇಳಿಯುತ್ತವೆ. ಈ ಪ್ರೋಟೀನುಗಳು ಒಂದೆರಡು ದಿನದಲ್ಲಿ ಮಾಯವಾಗುವಂಥವಲ್ಲ. ಫೈಬ್ರಿನೋಜನ್ ಅರ್ಧಕ್ಕಿಳಿಯಲು ಸುಮಾರು 4 ದಿನ ಬೇಕು. ಚಿಕಿತ್ಸೆಯೇ ಇಲ್ಲದೆ 68 ಇದ್ದದ್ದು ಮೂರು ದಿನಕ್ಕೆ 26 ಆಗಿದೆಯೆಂದರೆ ಬದಲಾದದ್ದು ರಕ್ತವಲ್ಲ, ಅಳತೆ.

ಯಾರ ಅಳತೆ? ಪ್ರಯೋಗಾಲಯದವರ ಮನಸ್ಸಿನಲ್ಲಿ ಮೊದಲು ಹುಟ್ಟುವ ಉತ್ತರ ಯಾವಾಗಲೂ ಒಂದೇ. ನನ್ನದೂ ಅದೇ ಆಗಿತ್ತು: ಅವರದೇ ತಪ್ಪಿರಬೇಕು. ನಮ್ಮ ದಾಖಲೆ ಪುಸ್ತಕ ತೆಗೆದು ನೋಡಿದೆ. ರಕ್ತ ತೆಗೆದದ್ದು ಮಧ್ಯಾಹ್ನ 1.45, ಕೊಳವೆ ನಿಲ್ಲಿಸಿದ್ದು 2.10, ಓದಿದ್ದು 3.10. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇರುವ ಕಪ್ಪು ಮುಚ್ಚಳದ ಟ್ಯೂಬಿನಲ್ಲಿ ಗೆರೆಯವರೆಗೆ ರಕ್ತ ತುಂಬಿತ್ತು. ಅಂದರೆ ಒಂದು ಪಾಲು ಸಿಟ್ರೇಟಿಗೆ ನಾಲ್ಕು ಪಾಲು ರಕ್ತ, ಇರಬೇಕಾದ ಹಾಗೆಯೇ. ಟ್ಯೂಬಿನ ಅವಧಿ ಮುಗಿದಿರಲಿಲ್ಲ, ಹೆಸರು ಅದಲುಬದಲಾಗಿರಲಿಲ್ಲ. ಕಾಗದದ ಮೇಲೆ ನಾವು ನಿರ್ದೋಷಿಗಳು. ಬುಧವಾರ ಮತ್ತೆ ಬನ್ನಿ, ಹಣ ಬೇಡ, ತಾಯಿಯನ್ನೂ ಕರೆತನ್ನಿ ಎಂದು ಹುಡುಗನನ್ನು ಕಳುಹಿಸಿದೆ. ನಮ್ಮದೇ ಸರಿ ಎಂದು ತೋರಿಸುವ ಹಟವೂ ಆ ಔದಾರ್ಯದಲ್ಲಿ ಸ್ವಲ್ಪ ಸೇರಿತ್ತು.

ಓರೆಯಾದ ಗೆರೆ

ಮರುದಿನ ಮಧ್ಯಾಹ್ನ ಸ್ಟ್ಯಾಂಡಿನ ಮುಂದೆ ಸ್ಟೂಲು ಹಾಕಿಕೊಂಡು ಕುಳಿತೆ. ಇಷ್ಟು ವರ್ಷ ಕೆಲಸ ಮಾಡಿಯೂ ಒಂದು ಇ.ಎಸ್.ಆರ್. ಕೊಳವೆಯನ್ನು ಪೂರ್ತಿ ಒಂದು ಗಂಟೆ ನೋಡಿದವನಲ್ಲ ನಾನು. ನಿಲ್ಲಿಸುತ್ತೇವೆ, ಟೈಮರ್ ಒತ್ತುತ್ತೇವೆ, ಬೇರೆ ಕೆಲಸಕ್ಕೆ ಹೋಗುತ್ತೇವೆ. ಟೈಮರ್ ಕೂಗಿದಾಗ ಬಂದು ಸಂಖ್ಯೆ ಬರೆದುಕೊಳ್ಳುತ್ತೇವೆ.

ನಾವು ಬಳಸುವುದು ವೆಸ್ಟರ್‌ಗ್ರೆನ್ ವಿಧಾನ. ಸುಮಾರು ಎರಡೂವರೆ ಮಿ.ಮೀ. ಒಳಅಗಲದ ಕೊಳವೆ, ಮೇಲಿನಿಂದ ಕೆಳಕ್ಕೆ 0ಯಿಂದ 200ರವರೆಗೆ ಗೆರೆ. ಮೊದಲ ಹತ್ತು ನಿಮಿಷ ಹೆಚ್ಚೇನೂ ಕಾಣುವುದಿಲ್ಲ. ಕಣಗಳು ಒಂದಕ್ಕೊಂದು ಅಂಟಿಕೊಳ್ಳುವ ಹೊತ್ತು ಅದು. ಆಮೇಲೆ ಸುಮಾರು ನಲವತ್ತು ನಿಮಿಷ ನಿಜವಾದ ಇಳಿತ. ಕೊನೆಯ ಹತ್ತು ನಿಮಿಷ ತಳದಲ್ಲಿ ಒತ್ತಿ ಕೂರುವ ಕೆಲಸ, ಇಳಿತ ಮತ್ತೆ ನಿಧಾನ.

ಇಪ್ಪತ್ತು ನಿಮಿಷ ಕಳೆದಿತ್ತು. ಮೇಲೆ ಹುಲ್ಲಿನ ಬಣ್ಣದ ಪ್ಲಾಸ್ಮಾ, ಕೆಳಗೆ ಕೆಂಪು. ಎರಡೂ ಕೂಡುವ ಗೆರೆ ಅಡ್ಡಕ್ಕೆ ನೇರವಾಗಿರಬೇಕಿತ್ತು. ಇಲ್ಲಿ ಅದು ಓರೆ. ಕೋಣೆಯ ಗೋಡೆ ಕಡೆಗಿನ ಬದಿಯಲ್ಲಿ ಗೆರೆ ಒಂದು ಮಿ.ಮೀ.ನಷ್ಟು ಮೇಲೆ, ನನ್ನ ಕಡೆಗಿನ ಬದಿಯಲ್ಲಿ ಕೆಳಗೆ. ಮೊಬೈಲಿನ ಟಾರ್ಚು ಹಿಡಿದು ಪಕ್ಕದಿಂದ ನೋಡಿದರೆ, ನನ್ನ ಬದಿಯ ಗಾಜಿಗೆ ಅಂಟಿಕೊಂಡು ಕೂದಲೆಳೆಯಷ್ಟು ತಿಳಿ ಪ್ಲಾಸ್ಮಾ ಮೇಲಕ್ಕೆ ಹರಿಯುತ್ತಿತ್ತು. ಎದುರು ಬದಿಯಲ್ಲಿ ಕೆಂಪು ದಟ್ಟವಾಗಿ ಗಾಜಿನ ಮೇಲೆ ಜಾರುತ್ತಿತ್ತು.

ಕೊಳವೆ ನೆಟ್ಟಗೆ ನಿಂತಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನೆಟ್ಟಗಿರುವ ಕೊಳವೆಯಲ್ಲಿ ಕಣಗಳು ಇಳಿಯಬೇಕಾದರೆ ಅಷ್ಟೇ ಜಾಗದ ಪ್ಲಾಸ್ಮಾ ಅವುಗಳ ನಡುವಿನಿಂದಲೇ ಮೇಲೇರಬೇಕು. ರಥಬೀದಿಯ ಜನಜಂಗುಳಿಯಲ್ಲಿ ಎದುರುಬದುರು ನಡೆದ ಹಾಗೆ, ಇಬ್ಬರಿಗೂ ತಡ. ಕೊಳವೆ ಓರೆಯಾದರೆ ಕಣ ತಳದವರೆಗೆ ಬೀಳಬೇಕಿಲ್ಲ, ನಡುವೆಯೇ ಕೆಳಬದಿಯ ಗೋಡೆ ಸಿಗುತ್ತದೆ. ಅಲ್ಲಿಂದ ಗುಂಪಾಗಿ ಜಾರುತ್ತದೆ. ಮೇಲ್ಬದಿ ಪ್ಲಾಸ್ಮಾಕ್ಕೆ ಖಾಲಿ ದಾರಿ. ಬಾಯ್ಕಾಟ್ ಎಂಬ ವಿಜ್ಞಾನಿ ಇದನ್ನು 1920ರಲ್ಲೇ ಗಮನಿಸಿದ್ದರು, ಅದೂ ರಕ್ತದ ಕೊಳವೆಗಳಲ್ಲೇ. ಮೂರು ಡಿಗ್ರಿ ಓರೆಯಿದ್ದರೆ ಇ.ಎಸ್.ಆರ್. ಶೇಕಡಾ 30ರಷ್ಟು ಹೆಚ್ಚಬಲ್ಲದು ಎಂದು ಡಿಪ್ಲೊಮಾ ಪರೀಕ್ಷೆಯಲ್ಲಿ ನಾನೂ ಬರೆದು ಅಂಕ ಪಡೆದಿದ್ದೇನೆ.

ಹೊಲಿಗೆ ದಾರಕ್ಕೆ ಒಂದು ಕಬ್ಬಿಣದ ನಟ್ಟು ಕಟ್ಟಿ ಕೊಳವೆಯ ಮೇಲಿನ ಕ್ಲಿಪ್ಪಿನಿಂದ ಇಳಿಬಿಟ್ಟೆ. 0 ಗೆರೆಯ ಹತ್ತಿರ ದಾರ ಕೊಳವೆಗೆ ತಾಗಿಕೊಂಡಿತ್ತು. 200ರ ಗೆರೆಗೆ ಬರುವಾಗ ನಡುವೆ ಒಂದು ಸೆಂ.ಮೀ. ಅಂತರ. 200 ಮಿ.ಮೀ.ಗೆ 10 ಮಿ.ಮೀ. ಎಂದರೆ ಲೆಕ್ಕಕ್ಕೆ ಹತ್ತಿರ ಹತ್ತಿರ ಮೂರು ಡಿಗ್ರಿ.

ಮಾರ್ಚ್ ಮೊದಲ ವಾರದಲ್ಲಿ ನಾವು ಅದೇ ಕಟ್ಟಡದ ಹೊಸ ಕೋಣೆಗೆ ಬಂದಿದ್ದೆವು. ಕೆಳಗಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಮೇಸ್ತ್ರಿಯನ್ನು ಕರೆದೆ. ಗ್ರಾನೈಟ್ ಕಟ್ಟೆಯ ಮೇಲೆ ರಸಮಟ್ಟ ಇಟ್ಟು ನೋಡಿ ಅವರು ನಕ್ಕರು. "ಕಟ್ಟೆ ಸರಿಯಾಗಿಯೇ ಉಂಟು ಮಾರಾಯರೇ. ನೀರು ಸಿಂಕಿಗೆ ಹೋಗಲಿ ಎಂದು ನಾವೇ ಓರೆ ಕೊಟ್ಟದ್ದು." ಹೌದು, ತೊಳೆದ ನೀರು ನಿಲ್ಲಬಾರದೆಂದು ನಾನೇ ಹೇಳಿ ಮಾಡಿಸಿದ್ದೆ. ಮೀಟರಿಗೆ ಒಂದು ಸೆಂ.ಮೀ. ಇಳಿಜಾರು, ಅರ್ಧ ಡಿಗ್ರಿಗಿಂತ ಚೂರು ಹೆಚ್ಚು. ಉಳಿದದ್ದು ಸ್ಟ್ಯಾಂಡಿನದೇ ತಪ್ಪು. ಅದರ ಬುಡದಲ್ಲಿ ಮಟ್ಟ ಸರಿಮಾಡುವ ಮೂರು ಸ್ಕ್ರೂಗಳಿವೆ. ಸಾಮಾನು ಸಾಗಿಸುವಾಗ ಒಂದರ ರಬ್ಬರ್ ಬುಡ ಕಳಚಿ ಹೋಗಿತ್ತು, ಆ ಮೂಲೆ ಆರು ಮಿ.ಮೀ. ತಗ್ಗಾಗಿತ್ತು. ಇದನ್ನೆಲ್ಲ ತೋರಿಸಲೆಂದೇ ಸ್ಟ್ಯಾಂಡಿನಲ್ಲಿ ಒಂದು ಪುಟ್ಟ ರಸಮಟ್ಟವೂ ಇದೆ. ಅದರೊಳಗಿನ ಹಸಿರು ದ್ರವ ಯಾವಾಗಲೋ ಆರಿತ್ತು. ಗುಳ್ಳೆ ಇಲ್ಲದ ರಸಮಟ್ಟವನ್ನು ದಿನವೂ ಒರೆಸಿ ಸ್ವಚ್ಛವಾಗಿಡುತ್ತಿದ್ದೆವು.

ಅಷ್ಟೇ ಅಲ್ಲ. ಸ್ಟ್ಯಾಂಡು ಇದ್ದದ್ದು ಪಶ್ಚಿಮದ ಕಿಟಕಿಯ ಕೆಳಗೆ. ನಮ್ಮ ಕರಾವಳಿಯ ಏಪ್ರಿಲ್ ಬಿಸಿಲು ಎರಡು ಗಂಟೆಗೆ ನೇರ ಕಟ್ಟೆಯ ಮೇಲೆ ಬೀಳುತ್ತಿತ್ತು. ಈ ಪರೀಕ್ಷೆಗೆ ಬೇಕಾದ ಉಷ್ಣತೆ 18ರಿಂದ 25 ಡಿಗ್ರಿ. ಬಿಸಿಯಾದರೆ ಪ್ಲಾಸ್ಮಾ ತೆಳುವಾಗುತ್ತದೆ, ಕಣಗಳು ಬೇಗ ಇಳಿಯುತ್ತವೆ. ಥರ್ಮಾಮೀಟರ್ ಇಟ್ಟು ನೋಡಿದರೆ 35. ಎ.ಸಿ. ಇತ್ತು, ಪಕ್ಕದ ಕೋಣೆಯಲ್ಲಿ, ಲಕ್ಷಗಟ್ಟಲೆ ಬೆಲೆಯ ಅನಲೈಸರಿಗಾಗಿ. ಗಾಜಿನ ಕೊಳವೆಗೆ ಎ.ಸಿ. ಏಕೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಹಾಗಾದರೆ 26?

ಇಷ್ಟಾದ ಮೇಲೆ ನಾವೇ ತಪ್ಪು, ಅವರೇ ಸರಿ ಎಂದು ಒಪ್ಪಿಕೊಂಡು ಕಡತ ಮುಚ್ಚಬಹುದಿತ್ತು. ಹಾಗೆ ಮಾಡಿದ್ದರೆ ಇನ್ನೊಂದು ತಪ್ಪಾಗುತ್ತಿತ್ತು. ಓರೆ ಮತ್ತು ಬಿಸಿಲು ಸೇರಿದರೂ 26 ಇದ್ದದ್ದನ್ನು 68ಕ್ಕೆ ಏರಿಸುವುದು ಕಷ್ಟ ಎಂದು ಲೆಕ್ಕ ಹೇಳುತ್ತಿತ್ತು.

ಆ ಪ್ರಯೋಗಾಲಯದ ತಂತ್ರಜ್ಞರಿಗೆ ಫೋನ್ ಮಾಡಿದೆ. ಈ ವೃತ್ತಿಯಲ್ಲಿ ಇಂಥ ಫೋನು ಮಾಡಲು ಸ್ವಲ್ಪ ಧೈರ್ಯ ಬೇಕು, ಎತ್ತಿಕೊಂಡು ನಿಜ ಹೇಳಲು ಅದಕ್ಕಿಂತ ಹೆಚ್ಚು ಬೇಕು. ಅವರು ಹೇಳಿದರು. ರಕ್ತವನ್ನು ಮನೆಗೇ ಹೋಗಿ ಬೆಳಗ್ಗೆ ಏಳು ಗಂಟೆಗೆ ತೆಗೆಯಲಾಗಿತ್ತು. ಸಂಗ್ರಹಿಸುವ ಹುಡುಗ ಹೆಬ್ರಿ ಕಡೆ ಇನ್ನೂ ಕೆಲವು ಮನೆ ಮುಗಿಸಿ, ಬಸ್ಸು ಹಿಡಿದು ಬರುವಾಗ ಮಧ್ಯಾಹ್ನ. ಕೊಳವೆ ನಿಲ್ಲಿಸಿದ್ದು ಎರಡು ಗಂಟೆಗೆ. ಏಳು ತಾಸು, ಅದೂ ಚೀಲದೊಳಗೆ.

ಕೋಣೆಯ ಉಷ್ಣತೆಯಲ್ಲಿಟ್ಟ ರಕ್ತವನ್ನು ನಾಲ್ಕು ಗಂಟೆಯೊಳಗೆ ನಿಲ್ಲಿಸಬೇಕು. ಹೊತ್ತಾದಂತೆ ಕಣಗಳು ತಟ್ಟೆಯ ಆಕಾರ ಕಳೆದುಕೊಂಡು ಗುಂಡಗಾಗತೊಡಗುತ್ತವೆ. ಗುಂಡಗಿನ ವಸ್ತುಗಳನ್ನು ಒಂದರ ಮೇಲೊಂದು ಪೇರಿಸಲು ಆಗುತ್ತದೆಯೇ? ಅಟ್ಟಿ ಕಟ್ಟದ ಕಣಗಳು ನಿಧಾನವಾಗಿ ಇಳಿಯುತ್ತವೆ, ಇ.ಎಸ್.ಆರ್. ಕಡಿಮೆ ಬರುತ್ತದೆ. ಅಂದರೆ ಒಂದೇ ರಕ್ತವನ್ನು ನಾವು ಮೇಲಕ್ಕೆ ತಳ್ಳಿದ್ದೆವು, ಅವರು ಕೆಳಕ್ಕೆ ಎಳೆದಿದ್ದರು.

ಬುಧವಾರ ಆ ಅಕ್ಕ ಮಗನ ಜೊತೆ ಬಂದರು. ನಡೆದದ್ದನ್ನೆಲ್ಲ ತುಳುವಿನಲ್ಲಿ ಹೇಳಿ, ಸ್ವಲ್ಪ ಹೆಚ್ಚು ರಕ್ತ ತೆಗೆಯಬಹುದೇ ಎಂದು ಕೇಳಿದೆ. ಕೈ ಚಾಚಿದರು. ತೋರುಬೆರಳು, ಹೆಬ್ಬೆರಳ ತುದಿಗಳು ಎಲೆ ಕತ್ತರಿಸಿ ಸುತ್ತಿ ಕಂದಾಗಿದ್ದವು. ಉಗುರುಗಳು ಮಾತ್ರ ಬಿಳಿಚಿದ್ದವು. ಇದನ್ನು ಮೊದಲ ದಿನವೇ ನೋಡಬೇಕಿತ್ತು ಎಂದುಕೊಂಡೆ.

1.15ಕ್ಕೆ ತೆಗೆದ ರಕ್ತವನ್ನು 1.30ಕ್ಕೆ ಏಕಕಾಲಕ್ಕೆ ನಾಲ್ಕು ಕೊಳವೆಗಳಲ್ಲಿ ನಿಲ್ಲಿಸಿದೆವು. ಎ.ಸಿ. ಕೋಣೆಯಲ್ಲಿ, ದಾರ ಇಳಿಬಿಟ್ಟು ನೆಟ್ಟಗೆ ಮಾಡಿದ ಹೊಸ ಸ್ಟ್ಯಾಂಡಿನಲ್ಲಿ ಎರಡು. ಅದೇ ಕೋಣೆಯಲ್ಲಿ ಇನ್ನೊಂದು ಸ್ಟ್ಯಾಂಡಿನ ಬುಡಕ್ಕೆ ನಾಣ್ಯಗಳನ್ನಿಟ್ಟು ಹಳೆಯ ಓರೆಯನ್ನೇ ತಂದು ಒಂದು. ಹಳೆಯ ಸ್ಟ್ಯಾಂಡಿನಲ್ಲಿ, ಹಳೆಯ ಜಾಗದಲ್ಲಿ, ಕಿಟಕಿಯ ಬಿಸಿಲಿಗೆ ಒಂದು. ಉಳಿದ ರಕ್ತವನ್ನು ಬಳಸದೆ ಮೇಜಿನ ಮೇಲೆ ಇಟ್ಟೆವು.

ಒಂದು ಗಂಟೆಯ ಬಳಿಕ ನೆಟ್ಟಗಿನ ಕೊಳವೆಗಳಲ್ಲಿ 44 ಮತ್ತು 45. ಓರೆಯಾದದ್ದರಲ್ಲಿ 57. ಓರೆಯೂ ಬಿಸಿಲೂ ಸೇರಿದ್ದರಲ್ಲಿ 66. ಮೇಜಿನ ಮೇಲಿಟ್ಟ ರಕ್ತವನ್ನು ರಾತ್ರಿ ಎಂಟೂಕಾಲಿಗೆ, ಅಂದರೆ ಏಳು ಗಂಟೆ ಕಳೆದ ಮೇಲೆ, ನೆಟ್ಟಗಿನ ಸ್ಟ್ಯಾಂಡಿನಲ್ಲಿ ಎ.ಸಿ. ಕೋಣೆಯಲ್ಲೇ ನಿಲ್ಲಿಸಿದಾಗ 28.

44ರಿಂದ 57ಕ್ಕೆ ಏರಿದ್ದು ಪಠ್ಯದ ಶೇಕಡಾ 30ಕ್ಕೆ ಎಷ್ಟು ಅಚ್ಚುಕಟ್ಟಾಗಿ ಹೊಂದಿತೆಂದರೆ ನನಗೇ ಅನುಮಾನ ಬಂತು. ಮರುದಿನ ನನ್ನದೇ ರಕ್ತದಲ್ಲಿ ನೋಡಿದೆ: ನೆಟ್ಟಗೆ 12, ಓರೆಗೆ 14. ಎಲ್ಲರ ರಕ್ತವೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಹಾಗಾಗಿ ಹಳೆಯ ವರದಿಗಳನ್ನೆಲ್ಲ 1.3ರಿಂದ ಭಾಗಿಸಿ ಸರಿಪಡಿಸಿಬಿಡೋಣ ಎಂದು ನಮ್ಮ ಪ್ರಯೋಗಾಲಯದ ಹುಡುಗಿ ಕೊಟ್ಟ ಸಲಹೆಯನ್ನು ಒಪ್ಪಲಿಲ್ಲ. ಕೆಟ್ಟ ಅಳತೆಗೆ ಗಣಿತದ ಮದ್ದಿಲ್ಲ, ಮತ್ತೆ ಅಳೆಯಬೇಕು.

44 ಏಕೆ

ಇಷ್ಟೆಲ್ಲ ಆದ ಮೇಲೂ ಅಕ್ಕನ ಪ್ರಶ್ನೆ ಹಾಗೆಯೇ ಇತ್ತು. ಹೆಂಗಸರಿಗೆ ವಯಸ್ಸಿಗೆ ಹತ್ತು ಕೂಡಿಸಿ ಅರ್ಧ ಮಾಡಿದರೆ ಇ.ಎಸ್.ಆರ್.ನ ಮೇಲ್ಮಿತಿಯ ಒಂದು ಅಂದಾಜು ಸಿಗುತ್ತದೆ. ಗಂಡಸರಿಗೆ ವಯಸ್ಸಿನ ಅರ್ಧ. 47ರ ಹೆಂಗಸಿಗೆ ಅದು 28.5. 26 ಎಂದಿದ್ದರೆ ಎಲ್ಲ ಸರಿ ಎಂದು ಮನೆಗೆ ಹೋಗುತ್ತಿದ್ದರು. 68ಕ್ಕೆ ಕ್ಷಯದ ಹುಡುಕಾಟ ಶುರುವಾಗಿತ್ತು. 44 ಎರಡೂ ಅಲ್ಲ. ಏನೋ ಇದೆ ಎನ್ನುತ್ತದೆ, ಏನೆಂದು ಹೇಳುವುದಿಲ್ಲ.

ಇ.ಎಸ್.ಆರ್.ನ ಗುಣವೇ ಅದು. ಪೋಲೆಂಡಿನ ಬಿಯರ್ನಾಟ್ಸ್ಕಿ 1897ರಲ್ಲಿ ಇದನ್ನು ಗುರುತಿಸಿದರು. ಸ್ವೀಡನ್ನಿನ ಫೋರೆಯುಸ್ 1918ರಲ್ಲಿ ಗರ್ಭ ನಿಂತಿದೆಯೇ ಎಂದು ತಿಳಿಯಲು ಇದು ಬಂದೀತೇ ಎಂದು ನೋಡಿದರು. ವೆಸ್ಟರ್‌ಗ್ರೆನ್ 1921ರಲ್ಲಿ ಕ್ಷಯರೋಗಿಗಳ ಸ್ಥಿತಿ ಅಳೆಯಲು ಬಳಸಿದರು. ಗರ್ಭಕ್ಕೂ ಏರುತ್ತದೆ, ಕ್ಷಯಕ್ಕೂ ಏರುತ್ತದೆ, ಹಲ್ಲಿನ ಕೀವಿಗೂ ಏರುತ್ತದೆ, ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿಗೂ ನೂರು ದಾಟುತ್ತದೆ. ಇದನ್ನು ಹಳೆಯ ಕಾಲದ್ದೆಂದು ಮೂಗು ಮುರಿಯುವವರಿದ್ದಾರೆ. ನಾನು ಅವರ ಪೈಕಿಯಲ್ಲ. ಕರೆಂಟು ಬೇಡದ, ಯಂತ್ರ ಬೇಡದ ಕೆಲವೇ ಪರೀಕ್ಷೆಗಳಲ್ಲಿ ಇದೂ ಒಂದು. ಆದರೆ ಇದರ ಜೊತೆ ಹಿಮೋಗ್ಲೋಬಿನ್ ನೋಡದೆ ಸುಮ್ಮನಿರುವುದನ್ನು ನಾನು ಒಪ್ಪುವುದಿಲ್ಲ. ಕಣಗಳ ಸಂಖ್ಯೆ ಕಡಿಮೆಯಿದ್ದರೆ ದಾರಿ ಖಾಲಿ, ಇಳಿತ ಬೇಗ. ರಕ್ತಹೀನತೆ ಒಂದೇ ಸಾಕು ಸಂಖ್ಯೆಯನ್ನು ಏರಿಸಲು.

ಬಿಳಿಚಿದ ಉಗುರುಗಳು ನೆನಪಿದ್ದುದರಿಂದ ವೈದ್ಯರಿಗೆ ಫೋನ್ ಮಾಡಿದೆ. ಮೊದಲು ನಮ್ಮ 68 ತಪ್ಪೆಂದು ಹೇಳಿದೆ. ಎರಡು ಕ್ಷಣ ಮೌನ. ಆಮೇಲೆ ಸಿ.ಬಿ.ಸಿ. (ರಕ್ತಕಣಗಳ ಪೂರ್ಣ ಎಣಿಕೆ) ಮತ್ತು ಸಿ.ಆರ್.ಪಿ. (ಉರಿಯೂತವಿದ್ದಾಗ ಏರುವ ಒಂದು ಪ್ರೋಟೀನು) ಮಾಡಲಿಕ್ಕೆ ಅವರ ಒಪ್ಪಿಗೆ ಕೇಳಿದೆ. ನೇರಳೆ ಮುಚ್ಚಳದ ಟ್ಯೂಬೊಂದನ್ನು ಆಗಲೇ ತೆಗೆದಿಟ್ಟಿದ್ದೆ. ಮತ್ತೆ ಚುಚ್ಚುವುದು ಬೇಡ ಎಂದು. ಹಿಮೋಗ್ಲೋಬಿನ್ 9.1. ಕೆಂಪುಕಣಗಳ ಸರಾಸರಿ ಗಾತ್ರ 68, ಅಂದರೆ ಸಣ್ಣವು, ಕಬ್ಬಿಣದ ಕೊರತೆಯ ಚಹರೆ. ಸಿ.ಆರ್.ಪಿ. 3, ಸಹಜ. ಉರಿಯೂತ ಜೋರಾಗಿದ್ದರೆ ಸಿ.ಆರ್.ಪಿ. ಸುಮ್ಮನೆ ಕೂರುತ್ತಿರಲಿಲ್ಲ. ಸಣ್ಣ ಕಣಗಳು ನಿಧಾನವಾಗಿ ಇಳಿಯುವುದೂ ಉಂಟು, ಹಾಗಾಗಿ ಇಡೀ 44ನ್ನು ರಕ್ತಹೀನತೆಯ ತಲೆಗೆ ಕಟ್ಟಲು ನಾನು ಹಿಂಜರಿದೆ, ವೈದ್ಯರೂ ಹಿಂಜರಿದರು. ಎದೆಯ ಎಕ್ಸ್‌ರೇ ತೆಗೆಸಿದರು, ಏನೂ ಇರಲಿಲ್ಲ. ಒಂದು ವರ್ಷದಿಂದ ಮುಟ್ಟಿನ ಸ್ರಾವ ವಿಪರೀತವಾಗಿದೆ ಎಂಬುದು ಕೇಳಿದ ಮೇಲೆ ತಿಳಿಯಿತು. ಅದಕ್ಕೆ ಸ್ತ್ರೀರೋಗ ತಜ್ಞರ ಹತ್ತಿರ ಕಳುಹಿಸಿ, ಕಬ್ಬಿಣದ ಮಾತ್ರೆ ಬರೆದರು. ಬೆರಳಿನ ಬಿಗಿ ಇಪ್ಪತ್ತೈದು ವರ್ಷ ಬೀಡಿ ಕಟ್ಟಿದ್ದರ ಬಾಬತ್ತು ಎಂದರು.

ಆರು ವಾರದ ವರದಿಗಳು

ನನ್ನ ನಿದ್ದೆ ಕೆಡಿಸಿದ್ದು ಇದಲ್ಲ. ಮಾರ್ಚ್ ಮೊದಲ ವಾರದಿಂದ ಆ ಮಂಗಳವಾರದವರೆಗೆ ಅದೇ ಸ್ಟ್ಯಾಂಡಿನಲ್ಲಿ 212 ಇ.ಎಸ್.ಆರ್. ಆಗಿದ್ದವು. ದಾಖಲೆ ಪುಸ್ತಕ ಹಿಡಿದು ಇಡೀ ಭಾನುವಾರ ಕೂತೆ. ಫೆಬ್ರವರಿಯ ಪುಟಗಳಲ್ಲಿ ಇಪ್ಪತ್ತರ ಆಸುಪಾಸಿನ ಸಂಖ್ಯೆಗಳು ಹೆಚ್ಚು. ಮಾರ್ಚಿನಲ್ಲಿ ಅವೇ ಮೂವತ್ತರ ಕಡೆಗೆ ಸರಿದಿದ್ದವು. ಕಣ್ಣಾಡಿಸಿದರೇ ಕಾಣುವಷ್ಟು. ಬೆಳಗ್ಗೆ ನಿಲ್ಲಿಸಿದವು ಸ್ವಲ್ಪ ವಾಸಿ, ಮಧ್ಯಾಹ್ನದವು ಕೆಟ್ಟವು. ತಿಂಗಳಿಗೊಮ್ಮೆ ಸರಾಸರಿ ನೋಡುವ ಅಭ್ಯಾಸ ಇದ್ದಿದ್ದರೆ ಮಾರ್ಚ್ ಕೊನೆಗೇ ಗೊತ್ತಾಗುತ್ತಿತ್ತು.

ಇ.ಎಸ್.ಆರ್. ಒಂದನ್ನೇ ನಂಬಿ ಏನಾದರೂ ನಿರ್ಧಾರ ಆಗಿರಬಹುದಾದವು 37. ಆ ವೈದ್ಯರಿಗೆಲ್ಲ ಫೋನ್ ಮಾಡಿ, ಉಚಿತವಾಗಿ ಮತ್ತೆ ಮಾಡಿಕೊಡುತ್ತೇವೆ ಎಂದೆವು. ಕೆಲವರು ಬೈದರು. ಒಬ್ಬರು ಫೋನಿಟ್ಟವರು ಮತ್ತೆ ನಮಗೆ ರೋಗಿಗಳನ್ನು ಕಳುಹಿಸಲಿಲ್ಲ. 23 ಜನ ಬಂದರು. ಅವರಲ್ಲಿ ಒಂಬತ್ತು ಜನರ ಸಂಖ್ಯೆ ಮೇಲ್ಮಿತಿಯ ಒಳಗೆ ಇಳಿಯಿತು. ಆರು ವಾರದಲ್ಲಿ ರಕ್ತವೂ ಬದಲಾಗಿರಬಹುದು, ನಿಜ. ಎಲ್ಲ ಒಂಬತ್ತೂ ಹಾಗೆ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಈಗ ಸ್ಟ್ಯಾಂಡು ಎ.ಸಿ. ಕೋಣೆಯಲ್ಲಿದೆ. ಸೆಂಟ್ರಿಫ್ಯೂಜ್ ನಡುಗುವ ಮೇಜಿನಿಂದ ದೂರ, ಗೋಡೆಗೆ ಬಿಗಿದ ಬೇರೆಯೇ ಹಲಗೆಯ ಮೇಲೆ. ರಕ್ತ ತೆಗೆದ ಹೊತ್ತು ಬರೆಯದ ಟ್ಯೂಬನ್ನು ತೆಗೆದುಕೊಳ್ಳುವುದಿಲ್ಲ. ನಟ್ಟು ಕಟ್ಟಿದ ದಾರ ಅಲ್ಲೇ ತೂಗುತ್ತಿದೆ. ಹೊಸ ರಸಮಟ್ಟ ತಂದಾಗಿದೆ, ಆದರೂ ದಾರವನ್ನು ತೆಗೆಯಲು ಮನಸ್ಸಾಗಲಿಲ್ಲ.

ಜುಲೈ ಕೊನೆಯಲ್ಲಿ, ಜೋರು ಮಳೆಯ ಒಂದು ಬೆಳಗ್ಗೆ ಆ ಅಕ್ಕ ಬಂದರು. ಮಲ್ಪೆಯಲ್ಲಿ ಬೋಟುಗಳು ಇನ್ನೂ ದಡದಲ್ಲೇ ಇದ್ದವು, ಮಗನಿಗೆ ಕೆಲಸವಿರಲಿಲ್ಲ, ಕೊಡೆ ಹಿಡಿದು ಜೊತೆಗೆ ಬಂದಿದ್ದ. ಹಿಮೋಗ್ಲೋಬಿನ್ 11.6. ಇ.ಎಸ್.ಆರ್.ಗೆ ಕೊಳವೆ ನಿಲ್ಲಿಸಿದಾಗ, ಇಲ್ಲೇ ಕೂತು ನೋಡಬಹುದೇ ಎಂದು ಕೇಳಿದರು. ಸ್ಟೂಲು ಕೊಟ್ಟೆ. ಮಳೆಗೆ ಎಲ್ಲಿಗೂ ಹೋಗುವಂತಿರಲಿಲ್ಲ, ಪೂರ್ತಿ ಒಂದು ಗಂಟೆ ಕೂತರು. ಟೈಮರ್ ಕೂಗಿತು. 24.

"ಅಣ್ಣ, ಇಷ್ಟು ಹೊತ್ತಿನಲ್ಲಿ ನಾನು ನೂರು ಬೀಡಿ ಕಟ್ಟುತ್ತಿದ್ದೆ. ಇದು ಇಳಿದದ್ದು ಇಷ್ಟೇಯಾ?"

ಕೊಳವೆಯ ಪ್ಲಾಸ್ಮಾ ತಿಳಿಯಾಗಿತ್ತು. ಗೆರೆ ಅಡ್ಡಕ್ಕೆ ನೇರವಾಗಿತ್ತು.